ಸ್ಟಾರ್ಕ್‌ವಿಲ್‌ನ ಸೈನಿಕ ವಿದ್ಯಾರ್ಥಿಗಳು

ನಮ್ಮ ಕಾಲೇಜಿನಿಂದ ಅಮೆರಿಕಕ್ಕೆ ಓದಲು ಹೋದ ಗೆಳೆಯರು ಟೆಕ್ಸಾಸ್, ಕ್ಯಾಲಿಫೋರ್ನಿಯಾ ಎಂದು ಚದುರಿದರೆ, ನನ್ನ ಪಾಲಿಗೆ ಬಂದದ್ದು ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯ. ಊರು ಸ್ಟಾರ್ಕ್‌ವಿಲ್. ಫುಟ್‌ಬಾಲ್ ಪಂದ್ಯಕ್ಕೆ ಜನ ದನದ ಗಂಟೆ ಹಿಡಿದು ಹೋಗುವ ಊರು ಎಂದರೆ ಅದರ ಸ್ವಭಾವ ಗೊತ್ತಾದೀತು.

ನಾನು ಸಹಾಯಕನಾಗಿದ್ದ ಪ್ರಯೋಗಾಲಯದಲ್ಲಿ ನನಗಿಂತ ಹಿರಿಯರಾದ ವಿದ್ಯಾರ್ಥಿಗಳೂ ಇದ್ದರು. ಎಲ್ಲರೂ ಸೇನೆಯಲ್ಲಿ ದುಡಿದು ಬಂದವರು. ಓದಿನ ಖರ್ಚಿಗೆ ಏನು ಮಾಡುತ್ತೀರಿ ಎಂದರೆ, ಸೋದರಮಾವನ ಹೆಸರು ಹೇಳುವಷ್ಟು ಸಲಿಗೆಯಿಂದ ‘ಮಾಂಟ್ಗೊಮರಿ’ ಎನ್ನುತ್ತಿದ್ದರು.

ಅವರು ಹೇಳುತ್ತಿದ್ದದ್ದು 1984ರ ಒಂದು ಕಾನೂನಿನ ಹೆಸರನ್ನು. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತ ಮೇಲೆ ಒಳ್ಳೆಯ ಹುಡುಗರನ್ನು ಸೇನೆಗೆ ಸೆಳೆಯಲು ಏನಾದರೂ ಬೇಕಿತ್ತು. ಸೇರಿದವನು ಮೊದಲ ವರ್ಷ ಸಂಬಳದಲ್ಲಿ ತಿಂಗಳಿಗೆ 100 ಡಾಲರ್ ಬಿಟ್ಟುಕೊಡಬೇಕು. ಸೇವೆ ಮುಗಿದ ಬಳಿಕ 36 ತಿಂಗಳವರೆಗೆ ಓದಿಗೆ ಹಣ ಬರುತ್ತದೆ. ತಾನೂ 1200 ಡಾಲರ್ ಹಾಕಿದವನಿಗೆ ಕೈಚಾಚಿದ ಸಂಕೋಚವಿರುವುದಿಲ್ಲ. ನನ್ನ ವಿದ್ಯಾರ್ಥಿಗಳ ಬಿಗುಮಾನದ ಮೂಲ ಇದೇ ಇರಬೇಕು.

ಕಾನೂನಿಗೆ ಹೆಸರು ಕೊಟ್ಟ ಸನ್ನಿ ಮಾಂಟ್ಗೊಮರಿ 1943ರಲ್ಲಿ ನಮ್ಮದೇ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದರು. ಹತ್ತು ವರ್ಷ ರಾಜ್ಯದ ಸೆನೆಟ್‌ನಲ್ಲಿದ್ದು, 1967ರಿಂದ ಮೂವತ್ತು ವರ್ಷ ವಾಷಿಂಗ್ಟನ್‌ನ ಪ್ರತಿನಿಧಿ ಸಭೆಯಲ್ಲಿ ಕೂತರು. ಪಕ್ಷ ಡೆಮಾಕ್ರಟಿಕ್, ಒಲವು ಸಂಪ್ರದಾಯವಾದಿ. ಆಪ್ತ ಗೆಳೆಯ ರಿಪಬ್ಲಿಕನ್ ಪಕ್ಷದ ಹಿರಿಯ ಜಾರ್ಜ್ ಬುಷ್. 1981ರಿಂದ 1994ರವರೆಗೆ ಮಾಜಿ ಸೈನಿಕರ ವ್ಯವಹಾರಗಳ ಸಮಿತಿಯ ಅಧ್ಯಕ್ಷರಾಗಿದ್ದರು. ಮಾಜಿ ಸೈನಿಕರ ಇಲಾಖೆಗೆ ಸಂಪುಟ ದರ್ಜೆ ಸಿಕ್ಕಿದ್ದು, ಕೊರಿಯಾ ಯುದ್ಧದಲ್ಲಿ ಸತ್ತವರ ಅವಶೇಷಗಳನ್ನು 1990ರಲ್ಲಿ ಉತ್ತರ ಕೊರಿಯಾದಿಂದ ಪಡೆದು ತಂದದ್ದು, ಎರಡರಲ್ಲೂ ಅವರ ಕೈ ಇದೆ.

ಹಾಗೆಂದು ಮಾಜಿ ಸೈನಿಕರು ಕೇಳಿದ್ದಕ್ಕೆಲ್ಲ ಹೂಂ ಎಂದವರಲ್ಲ. ಇಲಾಖೆ ಪಿಂಚಣಿ ನಿರಾಕರಿಸಿದರೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕು ಬೇಕೆಂದು ವಿಯೆಟ್ನಾಂ ಯುದ್ಧದವರು ಪಟ್ಟು ಹಿಡಿದಾಗ, ಅದನ್ನು ಬಹುಕಾಲ ತಡೆದವರಲ್ಲಿ ಇವರೂ ಒಬ್ಬರು. ವಕೀಲರು ನಡುವೆ ಬಂದರೆ ಕೆಲಸ ಕೆಡುತ್ತದೆ ಎನ್ನುವುದು ಆ ಪಾಳಯದ ವಾದ. ಹಕ್ಕು ಸಿಕ್ಕಿದ್ದು 1988ರಲ್ಲಿ.

1997ರಲ್ಲಿ ನಿವೃತ್ತರಾದ ಮೇಲೆ ಅವರು ವಾಷಿಂಗ್ಟನ್‌ನಲ್ಲೇ ಸ್ವಂತ ಲಾಬಿ ಸಂಸ್ಥೆ, ಅಂದರೆ ಶುಲ್ಕ ಪಡೆದು ಕಕ್ಷಿದಾರರ ಪರವಾಗಿ ಶಾಸಕರನ್ನು, ಅಧಿಕಾರಿಗಳನ್ನು ಒಲಿಸುವ ಸಂಸ್ಥೆ ತೆರೆದರು. ಅಲ್ಲಿ ಇದು ಕಾನೂನುಬದ್ಧ ವೃತ್ತಿ. ಹೆಸರು ನೋಂದಾಯಿಸಿ ರಾಜಾರೋಷವಾಗಿ ಮಾಡುತ್ತಾರೆ. ನನಗೇನೋ ಅದು ರುಚಿಸಲಿಲ್ಲ. ಮತದಾರರು ಕೊಟ್ಟ ಪರಿಚಯಗಳಿಗೆ ಶುಲ್ಕವೇ? ಹಾಗೆಂದು ಒಮ್ಮೆ ಬಾಯಿಬಿಟ್ಟೆ. ಟ್ಯಾಂಕ್ ಓಡಿಸಿ ಬಂದಿದ್ದ ವಿದ್ಯಾರ್ಥಿಯೊಬ್ಬ ಕೆರಳಿದ: “ಶಸ್ತ್ರಾಸ್ತ್ರ ಕಂಪನಿಗಳಿಗೆ ಲಾಬಿಗಾರರಿರಬಹುದು, ಸೈನಿಕರ ಕಷ್ಟ ಬಲ್ಲವರು ಮಾತ್ರ ಮನೆಗೆ ಹೋಗಿ ಕೂರಬೇಕೆ?” ನನ್ನ ಅನುಮಾನ ಹೋಗಲಿಲ್ಲ, ಅವನೂ ಬಿಟ್ಟುಕೊಡಲಿಲ್ಲ. ಮಾಂಟ್ಗೊಮರಿ 2006ರಲ್ಲಿ ತೀರಿಕೊಂಡಾಗಲೂ ನಾವಿಬ್ಬರು ಇಮೇಲ್‌ನಲ್ಲಿ ಇದೇ ಜಗಳ ಮುಂದುವರಿಸಿದೆವು.