ಗೋಲು ಮೊದಲು ಕಿವಿಗೆ ಬಿತ್ತು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕನ್ನಡದವರಿಗೆ ಬರ ಇಲ್ಲ. ಬಾಷ್, ಬೆಂಜ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಆಫೀಸುಗಳಿವೆ. ಅಲ್ಲಿಂದ ಇಲ್ಲಿಗೆ ಜನ ಬರ್ತಾನೇ ಇರ್ತಾರೆ. 2024ರ ಜೂನ್ 29ರ ಸಂಜೆ ನಾವೊಂದಿಷ್ಟು ಜನ ನಮ್ಮನೆಯಲ್ಲಿ ಸೇರಿ ಟಿ20 ವಿಶ್ವಕಪ್ ಫೈನಲ್ ನೋಡಿದೆವು. ಸೂರ್ಯಕುಮಾರ್ ಬೌಂಡರಿ ಗೆರೆಯಲ್ಲಿ ಆ ಕ್ಯಾಚ್ ಹಿಡಿದಾಗ ಹಾಕಿದ ಕೂಗಿಗೆ ಗಂಟಲು ಕಟ್ಟಿಹೋಯಿತು. ನಮ್ಮ ದ್ರಾವಿಡ್ ಕಪ್ ಹಿಡಿದು ಅಬ್ಬರಿಸಿದ್ದು ಕಂಡು ಕೆಲವರು ಅತ್ತೇಬಿಟ್ಟರು. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, "ಯಾರದಾದ್ರೂ ಹುಟ್ಟುಹಬ್ಬಾನಾ?" ಅಂತ ಕೇಳಿದರು.

ಅದೇ ರಾತ್ರಿ ಒಂಬತ್ತಕ್ಕೆ ಯೂರೋ ಕಪ್ ಫುಟ್‌ಬಾಲ್‌ನಲ್ಲಿ ಜರ್ಮನಿ–ಡೆನ್ಮಾರ್ಕ್ ಪಂದ್ಯ ಇತ್ತು. ಜರ್ಮನಿ 2-0ಯಿಂದ ಗೆದ್ದಾಗ ಬೀದಿಗೆ ಬೀದಿಯೇ ಕೂಗಿತು, ಕಾರುಗಳು ಹಾರ್ನ್ ಹೊಡೆದವು. ನಾವು ವಿಶ್ವಕಪ್ಪನ್ನೇ ಗೆದ್ದು ಬಾಗಿಲು ಹಾಕಿಕೊಂಡು ಕುಣಿದಿದ್ದೆವು. ಸ್ವಲ್ಪ ಹೊಟ್ಟೆಕಿಚ್ಚಾಗಿದ್ದು ನಿಜ.

ಅದಕ್ಕೇ ಇರಬೇಕು, ಮುಂದಿನ ಶುಕ್ರವಾರದ ಜರ್ಮನಿ–ಸ್ಪೇನ್ ಕ್ವಾರ್ಟರ್ ಫೈನಲ್ಲನ್ನು ಕಟ್ಟಡದವರೆಲ್ಲ ಹಿತ್ತಲಲ್ಲಿ ಕೂತು ನೋಡೋಣ ಎಂಬ ಮಾತು ಬಂದಾಗ ನಾನೇ ಮೊದಲು ಹೂಂ ಅಂದೆ.

ನಾವಿರೋದು ಬಾಡ್ ಕಾನ್‌ಸ್ಟಾಟ್‌ನಲ್ಲಿ, ನೆಕಾರ್ ನದಿಯ ದಂಡೆಯ ಹಳೇ ಬಡಾವಣೆ. ಇಟಲಿ, ಸ್ಪೇನ್, ಟರ್ಕಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಜಾಸ್ತಿ. ಜರ್ಮನಿ 1955ರಲ್ಲಿ ಇಟಲಿ ಜೊತೆ, 1960ರಲ್ಲಿ ಸ್ಪೇನ್ ಜೊತೆ, 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತ್ತು. ನಮ್ಮ ಕಟ್ಟಡದ ಮೊದಲ ಮಹಡಿಯ ಅಜ್ಜ ಹಾಗೆ ಬಂದವರು, ಸ್ಪೇನಿನ ಉತ್ತರದ ಕಡೆಯವರು. ಎದುರು ಮನೆಯ ಟರ್ಕಿ ಮೂಲದ ದಂಪತಿಯ ಬಾಲ್ಕನಿಯಲ್ಲಿ ಎರಡು ಬಾವುಟ, ಜರ್ಮನಿಯದೊಂದು, ಟರ್ಕಿಯದೊಂದು. ಟರ್ಕಿಯ ಕ್ವಾರ್ಟರ್ ಫೈನಲ್ ಮರುದಿನ ಇತ್ತು. ಹೇಗೂ ಜರ್ಮನಿಯ ಆಗಿನ ಕ್ಯಾಪ್ಟನ್ ಗುಂಡೋಗನ್ ಕೂಡ ಟರ್ಕಿ ಮೂಲದವನೇ ಅಲ್ವಾ?

ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಇಂಟರ್ನೆಟ್ಟಲ್ಲಿ ಪಂದ್ಯ ಹಾಕಿದೆವು. ಸಂಜೆ ಆರಕ್ಕೆ ಶುರು. ಜುಲೈನಲ್ಲಿ ಇಲ್ಲಿ ಒಂಬತ್ತಾದರೂ ಬೆಳಕಿರುತ್ತೆ, ಚಿತ್ರ ಪೇಲವವಾಗಿ ಕಾಣ್ತಿತ್ತು. ಬಿಯರ್ ಕ್ರೇಟ್, ಆಲೂಗಡ್ಡೆ ಸಲಾಡ್, ಸಾಸೇಜ್ ಎಲ್ಲ ಬಂದವು. ನಮ್ಮ ದಾವಣಗೆರೆ ಕಡೆಯ ಖಾರ ಮಂಡಕ್ಕಿಯೂ ಒಂದು ದೊಡ್ಡ ಪಾತ್ರೆ ತುಂಬ ಹೋಯಿತು. ಮೊದಲರ್ಧ ಮುಗಿಯೋದರೊಳಗೆ ಪಾತ್ರೆ ಖಾಲಿ.

ಒಂದು ವಿಷಯ ಯಾರಿಗೂ ಹೊಳೆದಿರಲಿಲ್ಲ. ಆ ಪಂದ್ಯ ನಡೀತಿದ್ದದ್ದೇ ಸ್ಟುಟ್‌ಗಾರ್ಟ್‌ನಲ್ಲಿ. ನದಿಯ ಈ ಕಡೆಯೇ, ನಮ್ಮ ಹಿತ್ತಲಿಂದ ನಡೆದು ಹೋಗುವಷ್ಟು ದೂರದಲ್ಲಿ, 54 ಸಾವಿರ ಜನ ಕೂತಿದ್ದರು. ಅವರ ಗದ್ದಲ ನಮ್ಮ ಕಿವಿಗೆ ಬರೋಕೆ ಐದಾರು ಸೆಕೆಂಡ್ ಸಾಕು. ಇಂಟರ್ನೆಟ್ಟಿನ ಚಿತ್ರ ಅದಕ್ಕಿಂತ ಎಷ್ಟೋ ನಿಧಾನ.

ಇದು ಗೊತ್ತಾಗಿದ್ದು 51ನೇ ನಿಮಿಷಕ್ಕೆ. ಪರದೆ ಮೇಲೆ ಚೆಂಡು ಇನ್ನೂ ಮೈದಾನದ ಮಧ್ಯೆ ಇದೆ, ದೂರದಿಂದ ಕೂಗು ಕೇಳಿಸಿತು. ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರದು? ಕೂಗು ಅಷ್ಟು ದೊಡ್ಡದಿರಲಿಲ್ಲ. ಅಲ್ಲೇ ಅನುಮಾನ ಹತ್ತಿತು. ಆಮೇಲೆ ನೋಡಿದರೆ ಹದಿನಾರರ ಹುಡುಗ ಯಮಾಲ್ ಪಾಸ್ ಕೊಟ್ಟ, ಓಲ್ಮೊ ಹೊಡೆದ. ಸ್ಪೇನ್ 1-0.

ಟಿವಿ ಸದ್ದು ಜಾಸ್ತಿ ಮಾಡಿ ಸ್ಟೇಡಿಯಂ ಕೇಳಿಸದ ಹಾಗೆ ಮಾಡೋಣ ಅಂತ ಯಾರೋ ಅಂದರು. ಮಾಡಿದೆವು. ಏನೂ ಪ್ರಯೋಜನವಾಗಲಿಲ್ಲ. 89ನೇ ನಿಮಿಷದಲ್ಲಿ ಬಂದ ಅಬ್ಬರಕ್ಕೆ ಬೆಂಚಿನ ಮೇಲಿದ್ದ ಗ್ಲಾಸುಗಳು ಉರುಳಿದವು. ಅಬ್ಬರಕ್ಕೆ ಅಂದರೆ ನಮ್ಮ ಕುಣಿತಕ್ಕೆ! ಗೋಲು ಇನ್ನೂ ಬಿದ್ದೇ ಇಲ್ಲ, ನಾವಾಗಲೇ ಅಪ್ಪಿಕೊಂಡು ಮುಗಿಸಿದ್ದೆವು. ಆಮೇಲೆ ಮಿಟೆಲ್‌ಸ್ಟೆಟ್ ಎತ್ತಿ ಕೊಟ್ಟ, ಕಿಮ್ಮಿಶ್ ತಲೆಯಿಂದ ಇಳಿಸಿದ, ವಿರ್ಟ್ಸ್ ಬಾರಿಸಿದ, ಕಂಬಕ್ಕೆ ತಾಗಿ ಒಳಗೆ. ಮಿಟೆಲ್‌ಸ್ಟೆಟ್ ಇಲ್ಲಿನ ವಿಎಫ್‌ಬಿ ತಂಡದವನು. ಹಾಗಾಗಿ ಕಾನ್‌ಸ್ಟಾಟ್‌ನವರ ಪ್ರಕಾರ ಆ ಗೋಲು ವಿರ್ಟ್ಸ್‌ದಲ್ಲ, ನಮ್ಮೂರಿನದು.

ಹೆಚ್ಚುವರಿ ಸಮಯದಲ್ಲಿ ಜರ್ಮನಿಯ ಮುಸಿಯಾಲ ಹೊಡೆದ ಚೆಂಡು ಸ್ಪೇನಿನ ಕುಕುರೆಯ ಕೈಗೆ ಬಡಿಯಿತು. ಸ್ಟೇಡಿಯಂನಿಂದ ಮೊದಲು ಕೂಗು ಬಂತು, ಆಮೇಲೆ ನಿಲ್ಲದ ಸಿಳ್ಳೆ. ನಮ್ಮಲ್ಲಿ ಸಿಳ್ಳೆ ಅಂದ್ರೆ ಖುಷಿ, ಇಲ್ಲಿ ಸಿಟ್ಟು. ಹಾಗಾಗಿ ರೆಫರಿ ಟೇಲರ್ ಪೆನಾಲ್ಟಿ ಕೊಟ್ಟಿಲ್ಲ ಅನ್ನೋದೂ ನಮಗೆ ಮೊದಲೇ ಗೊತ್ತಾಯಿತು. ಮಕ್ಕಳು ಪರದೆಯ ಮುಂದೆ ನಿಂತು "ಹ್ಯಾಂಡ್! ಹ್ಯಾಂಡ್!" ಅಂತ ಕಿರುಚಿದರು. ಜರ್ಮನರು ಆ ಸಿಟ್ಟನ್ನು ಎಷ್ಟು ಇಟ್ಟುಕೊಂಡರು ಅಂದರೆ, ಸೆಮಿಫೈನಲ್ ಫೈನಲ್ ಎರಡರಲ್ಲೂ ಕುಕುರೆಯ ಕಾಲಿಗೆ ಚೆಂಡು ಬಂದಾಗಲೆಲ್ಲ ಗೇಲಿ ಮಾಡಿದರು. ನನ್ನನ್ನು ಕೇಳಿದರೆ ಪೆನಾಲ್ಟಿ ಕೊಡಬೇಕಿತ್ತು.

119ನೇ ನಿಮಿಷ. ಸ್ಪೇನಿನ ಅಜ್ಜ ಅಷ್ಟು ಹೊತ್ತೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕೈ ಊರಿ ಕೂತಿದ್ದವರು ಇದ್ದಕ್ಕಿದ್ದಂತೆ ಎದ್ದು ನಿಂತರು. ಒಂದು ಮೂಲೆಯಿಂದ ಮಾತ್ರ ಎದ್ದ ತೆಳುವಾದ ಕೂಗು ಅವರಿಗೆ ಕೇಳಿಸಿತ್ತು. ಪರದೆಯಲ್ಲಿ ಓಲ್ಮೊಗೆ ಇನ್ನೂ ಚೆಂಡೇ ಸಿಕ್ಕಿಲ್ಲ. ಹಿತ್ತಲಲ್ಲಿದ್ದವರೆಲ್ಲ ಪರದೆ ಬಿಟ್ಟು ಅಜ್ಜನ ಮುಖ ನೋಡಿದರು. ಅಜ್ಜ ತುಟಿ ಬಿಗಿದುಕೊಂಡು, ಎರಡೂ ಕೈ ಜೇಬಿಗೆ ತುರುಕಿ, ನೆಲ ನೋಡುತ್ತಾ ನಿಂತರು. ನಗು ತಡೆಯೋಕೆ ಆಗ್ತಿರಲಿಲ್ಲ ಪಾಪ. ಮೆರಿನೊ ತಲೆಯಿಂದ ಗೋಲು ಹೊಡೆಯುವುದನ್ನು ನಾನು ನೋಡಿದ್ದು ರೀಪ್ಲೇಯಲ್ಲೇ.

ಮೆರಿನೊ ಮೂಲೆಯ ಬಾವುಟದ ಸುತ್ತ ಓಡಿದ. 1991ರಲ್ಲಿ ಇದೇ ಸ್ಟೇಡಿಯಂನಲ್ಲಿ ಅವನ ಅಪ್ಪ ಒಸಾಸುನಾ ತಂಡಕ್ಕೆ ಗೋಲು ಹೊಡೆದು ಹೀಗೇ ಸುತ್ತು ಹಾಕಿದ್ದರಂತೆ. ಅಪ್ಪನದನ್ನೇ ಮಗ ಮಾಡಿದ. ಜರ್ಮನಿಯ ಟೋನಿ ಕ್ರೋಸ್‌ಗೆ ಅದೇ ಕೊನೇ ಪಂದ್ಯವಾಯಿತು.

ಜರ್ಮನ್ ಪಕ್ಕದಮನೆಯವರು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಎದ್ದು ಖಾಲಿ ಬಾಟಲಿ ಕ್ರೇಟಿಗೆ ಜೋಡಿಸತೊಡಗಿದರು. ದುಃಖ ಎಷ್ಟಿದ್ದರೂ ಬಾಟಲಿ ಡೆಪಾಸಿಟ್ ದುಡ್ಡು ಬಿಡೋ ಜನ ಅಲ್ಲ ಇವರು. ಮರುದಿನ ಅದೇ ಬೆಡ್‌ಶೀಟ್ ಮೇಲೆ ಟರ್ಕಿ ನೆದರ್‌ಲ್ಯಾಂಡ್ಸ್‌ಗೆ 2-1ರಿಂದ ಸೋತಿತು. ಎದುರು ಮನೆಯ ಎರಡೂ ಬಾವುಟ ಒಟ್ಟಿಗೇ ಇಳಿದವು.

ಇಡೀ ಕಟ್ಟಡದಲ್ಲಿ ಆಟದಲ್ಲಿ ಉಳಿದವರು ಅಜ್ಜ ಒಬ್ಬರೇ. ಜುಲೈ 14ರ ಫೈನಲ್‌ಗೆ ಅವರೇ ಖುದ್ದಾಗಿ ಪ್ರತಿ ಮನೆಯ ಬೆಲ್ ಒತ್ತಿ ಕರೆದರು. ಬಿಯರ್ ಎಲ್ಲಾ ತಮ್ಮದು, ಒಂದೇ ಒಂದು ಷರತ್ತು: ಯಾರೂ ಇಂಗ್ಲೆಂಡ್ ಪರ ಕೂಗಬಾರದು. ನಮ್ಮ ಮನೆಗೆ ಬಂದಾಗ ಇನ್ನೊಂದು ಷರತ್ತು ಸೇರಿಸಿದರು. ಮಂಡಕ್ಕಿ ಎರಡು ಪಾತ್ರೆ ಬೇಕಂತೆ.