ಎಲ್ಲಿದೆ ತೋರಿಸು

ಹತ್ತು ವರ್ಷ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಆಮೇಲೆ ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್ ಸೇರಿದೆ. ಅಮೆರಿಕಕ್ಕೆ ಡಿಗ್ರಿ ಓದಲು ಹೋಗುವ ಮಕ್ಕಳಿಗೆ ಎಸ್‌ಎಟಿ ಪರೀಕ್ಷೆಯ ರೀಡಿಂಗ್ ಹೇಳಿಕೊಡೋದು, ಕಾಲೇಜು ಅರ್ಜಿಯ ಪ್ರಬಂಧ ನೋಡಿಕೊಡೋದು ನನ್ನ ಕೆಲಸ. ಎರಡೂ ಇಂಗ್ಲಿಷ್ ತಾನೇ, ಏನು ಮಹಾ ಅಂದುಕೊಂಡಿದ್ದೆ. ಮೊದಲ ವಾರವೇ ನನ್ನ ಹತ್ತು ವರ್ಷದ ಪಾಠ ನನಗೇ ಅಡ್ಡ ಬಂತು.

ಪಿಯುನಲ್ಲಿ ನಾವು ಏನು ಹೇಳಿಕೊಡುತ್ತೇವೆ? ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು, ಆ ಸಾಲು ಎತ್ತಿ ಬರೆ, ಮಾರ್ಕ್ಸ್ ಸಿಗುತ್ತೆ. ಎಸ್‌ಎಟಿಯಲ್ಲಿ ಇದು ಪಕ್ಕಾ ಹಳ್ಳ. ಅಲ್ಲಿ ಕೊಟ್ಟಿರುವ ಆಯ್ಕೆಗಳಲ್ಲಿ ಒಂದನ್ನು ಆರಿಸಬೇಕು, ಎಷ್ಟೋ ತಪ್ಪು ಉತ್ತರಗಳನ್ನು ಹೊಲಿದಿರುವುದೇ ಪ್ಯಾಸೇಜಿನ ಪದಗಳಿಂದ. ಸರಿ ಉತ್ತರ ಬೇರೆಯದೇ ಮಾತಿನಲ್ಲಿ, ಸಪ್ಪೆ ಮುಖ ಮಾಡಿಕೊಂಡು ಕೂತಿರುತ್ತದೆ.

ಪರೀಕ್ಷೆಯ ರೂಪವೂ ಬದಲಾಗಿದೆ. ಮೊದಲು 500ರಿಂದ 750 ಪದಗಳ ಉದ್ದುದ್ದ ಪ್ಯಾಸೇಜು, ಒಂದೊಂದಕ್ಕೆ ಹತ್ತು ಹನ್ನೊಂದು ಪ್ರಶ್ನೆ. 2023ರ ಮಾರ್ಚ್‌ನಿಂದ ನಮ್ಮಲ್ಲಿ ಪರೀಕ್ಷೆ ಕಂಪ್ಯೂಟರ್‌ನಲ್ಲೇ. ಈಗ 25ರಿಂದ 150 ಪದಗಳ ತುಣುಕು, ತುಣುಕಿಗೆ ಒಂದೇ ಪ್ರಶ್ನೆ. ಎರಡು ಭಾಗ, ಒಂದೊಂದರಲ್ಲಿ 27 ಪ್ರಶ್ನೆ, 32 ನಿಮಿಷ. ಮೊದಲ ಭಾಗ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದು ಸುಲಭದ್ದೋ ಕಷ್ಟದ್ದೋ ಬರುತ್ತದೆ. ಸುಲಭದ್ದು ಬಂದರೆ ಖುಷಿಪಡಬೇಡಿ, ಪೂರ್ಣ ಅಂಕವಾದ 800ರ ಹತ್ತಿರ ಹೋಗುವ ದಾರಿ ಅಲ್ಲಿಗೆ ಮುಚ್ಚಿತು.

ಚಿಕ್ಕದು ಅಂದ ಮೇಲೆ ಸಲೀಸು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಆಗೋದು ಉಲ್ಟಾ. ಒಮ್ಮೆ ಅಭ್ಯಾಸಕ್ಕೆ ನಾನೇ ಒಂದು ತುಣುಕು ಬರೆದು ಕೊಟ್ಟೆ. ಒಂದು ತೋಟದಲ್ಲಿ ಜೇನುನೊಣಗಳು ಬೆಳಿಗ್ಗೆ ನೀಲಿ ಹೂವಿಗೆ ಜಾಸ್ತಿ ಬಂದವು, ಮಧ್ಯಾಹ್ನ ಹಳದಿಗೆ. ಕಾರಣ ಇನ್ನೂ ನೋಡಬೇಕಿದೆ. ಇಷ್ಟೇ. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು 'ಜೇನುನೊಣಕ್ಕೆ ನೀಲಿ ಬಣ್ಣ ಚೆನ್ನಾಗಿ ಕಾಣುತ್ತದೆ' ಎಂಬ ಉತ್ತರ ಒತ್ತಿದರು.

"ಎಲ್ಲಿದೆ ತೋರಿಸು" ಅಂದೆ.

"ಮ್ಯಾಮ್, ಅದು ನಿಜ. ಬಯಾಲಜಿಯಲ್ಲಿ ಓದಿದ್ದೀವಿ."

ನಿಜವೇ. ಆದರೆ ಆ ತುಣುಕಿನಲ್ಲಿ ಇಲ್ಲ. ಚೆನ್ನಾಗಿ ಓದುವ ಮಕ್ಕಳೇ ಇಲ್ಲಿ ಜಾಸ್ತಿ ಬೀಳುತ್ತಾರೆ, ಅವರ ತಲೆಯಲ್ಲಿ ಮೊದಲೇ ಅಷ್ಟೊಂದು ತುಂಬಿರುತ್ತದಲ್ಲ. ಅಂದಿನಿಂದ ನನ್ನ ತರಗತಿಯಲ್ಲಿ ಒಂದೇ ನಿಯಮ. ಉತ್ತರ ಹೇಳಿದವರು ಪರದೆಯ ಮೇಲೆ ಬೆರಳಿಟ್ಟು ಸಾಲು ತೋರಿಸಬೇಕು. ಆಯ್ಕೆಗಳನ್ನು ಓದುವ ಮೊದಲು ಅಂಗೈಯಿಂದ ಮುಚ್ಚಿ, ತಮ್ಮ ಮಾತಲ್ಲೇ ಉತ್ತರ ಹೇಳಬೇಕು, ಕನ್ನಡದಲ್ಲಾದರೂ ಸರಿ.

ಇನ್ನೊಂದು, ಜೆಇಇ ಕೋಚಿಂಗ್‌ನಿಂದ ಬಂದ ಮಕ್ಕಳಿಗೆ. ಎಸ್‌ಎಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ ಕಣ್ರೋ! ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟು ಬರಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಒಬ್ಬರಾದರೂ ನಾಲ್ಕೈದು ಬಿಟ್ಟು ಬರುತ್ತಾರೆ.

ಇನ್ನು ಪ್ರಬಂಧ. ನಾನು ಸರಿಯಾಗಿ ಎಡವಿದ್ದು ಇಲ್ಲೇ.

ಕಾಮನ್ ಆ್ಯಪ್ ಅಂತ ಒಂದಿದೆ. ಒಂದೇ ಅರ್ಜಿ ತುಂಬಿ ಹಲವು ಕಾಲೇಜಿಗೆ ಕಳಿಸಬಹುದು. ಅದರಲ್ಲಿ ತನ್ನ ಬಗ್ಗೆ ಒಂದು ಪ್ರಬಂಧ, 650 ಪದ ಮೀರುವಂತಿಲ್ಲ. ಒಬ್ಬ ಹುಡುಗ ಮೊದಲ ಕರಡು ತಂದ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹತ್ತು ದಿನ ಪಾಠ ಮಾಡಿದ್ದು, ಆ ಮಕ್ಕಳ ನಗು ನೋಡಿ ಬದುಕಿನ ಅರ್ಥ ತಿಳಿದಿದ್ದು. ಇಂಥದ್ದು ನನ್ನ ಮೇಜಿಗೆ ವಾರಕ್ಕೆ ಎರಡು ಬರುತ್ತವೆ. ವಾಪಸ್ ಕೊಡಬೇಕಿತ್ತು. ನನಗೋ ಕೈ ತುರಿಕೆ. ಇಲ್ಲೊಂದು ಪದ, ಅಲ್ಲೊಂದು ಸಾಲು ಅಂತ ಮೂರು ಸುತ್ತು ತಿದ್ದಿದೆ. ಕೊನೆಗೆ ಇಂಗ್ಲಿಷ್ ಥಳಥಳ ಹೊಳೆಯುತ್ತಿತ್ತು.

ಅವನ ಅಮ್ಮ ಫೀಸ್ ಕಟ್ಟಲು ಬಂದಿದ್ದರು. ಪ್ರಿಂಟ್ ಕೊಟ್ಟೆ, ಹೊಗಳಿಕೆ ನಿರೀಕ್ಷಿಸಿಕೊಂಡೇ. ನಿಧಾನವಾಗಿ ಪೂರ್ತಿ ಓದಿದರು. "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಇದ್ರಲ್ಲಿ ನಮ್ಮ ಹುಡುಗ ಎಲ್ಲಿದ್ದಾನೆ?"

ಬೆರಳಿಟ್ಟು ತೋರಿಸಲು ನನಗೂ ಒಂದು ಸಾಲು ಸಿಗಲಿಲ್ಲ. ಅಷ್ಟೇ ಅಲ್ಲ, ಆ ಅರ್ಜಿಯಲ್ಲಿ 'ಇದು ನನ್ನದೇ ಬರಹ' ಎಂದು ಹುಡುಗ ಸಹಿ ಹಾಕಬೇಕು. ನನ್ನ ಸಾಲುಗಳಿಗೆ ಅವನ ಸಹಿ.

ಆ ಕರಡನ್ನು ಪಕ್ಕಕ್ಕಿಟ್ಟು, ಪೆನ್ನೂ ಮುಟ್ಟದೆ ಸುಮ್ನೆ ಮಾತಾಡಿಸಿದೆ. ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡ್ತೀಯ? "ಸಂಪ್ ನೋಡ್ತೀನಿ ಮ್ಯಾಮ್." ಮನೆ ಮೇಲೆ ಮೂರು ಬಾಡಿಗೆ ಮನೆಗಳು. ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕೂವರೆಗೆ. ಮೋಟರ್ ಹಾಕೋದು ಅವನ ಪಾಲಿನ ಕೆಲಸ. ನೀರು ಎಷ್ಟು ನಿಮಿಷ ಬಂತು ಅಂತ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಾನೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಮೇಲಿನ ಮನೆಯವರ ನಡುವೆ ಜಗಳ ಶುರುವಾಗಿತ್ತು. ಆ ಕ್ಯಾಲೆಂಡರ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು, ಯಾರಿಗೆ ಯಾವ ದಿನ ಎಷ್ಟು ನೀರು ಅಂತ ಲೆಕ್ಕ ಹಾಕಿ ಹಂಚಿದವನು ಇವನೇ.

"ಇದನ್ನ ಯಾಕೋ ಬರೀಲಿಲ್ಲ?"

"ಇದೆಲ್ಲ ಪ್ರಬಂಧ ಆಗುತ್ತಾ ಮ್ಯಾಮ್?"

ಬರೆದುಕೊಂಡು ಬಂದ. ನಾನು ಈ ಸಲ ಕೆಂಪು ಪೆನ್ನು ಬ್ಯಾಗಿನಲ್ಲೇ ಬಿಟ್ಟು ಪೆನ್ಸಿಲ್ ಹಿಡಿದೆ. ಪದ ಬದಲಿಸಲಿಲ್ಲ, ಅರ್ಥವಾಗದ ಕಡೆ ಪ್ರಶ್ನೆ ಚಿಹ್ನೆ ಮಾತ್ರ ಹಾಕಿದೆ. ಎರಡನೇ ಪ್ಯಾರಾದಲ್ಲಿ ಒಂದು ಸಾಲಿತ್ತು. ನಲ್ಲಿ ಮೊದಲು ಎರಡು ಸಲ ಕೆಮ್ಮುತ್ತದೆ, ಮೂರನೇ ಸಲಕ್ಕೆ ನೀರು. ಇಂಗ್ಲಿಷಿನಲ್ಲಿ ನಲ್ಲಿ ಕೆಮ್ಮುತ್ತದೆಯೇ, ಓದುವವರಿಗೆ ತಿಳಿಯುತ್ತದೆಯೇ ಅಂತ ಅದಕ್ಕೂ ಒಂದು ಚಿಹ್ನೆ ಹಾಕಿದೆ. ಮುಂದಿನ ಕರಡಿನಲ್ಲಿ ಉಳಿದ ಎಲ್ಲ ಚಿಹ್ನೆಗಳಿಗೂ ಉತ್ತರ ಇತ್ತು. ಕೆಮ್ಮು ಮಾತ್ರ ಹಾಗೇ ಇತ್ತು. "ಅದು ಕೆಮ್ಮೋದೇ ಮ್ಯಾಮ್" ಅಂದ. ಹಾಗೇ ಕಳಿಸಿದೆವು.