ರಾಕಬಿಲಿ ಲೀಡ್ ಗಿಟಾರ್ ಕಲಿಯಲು ಯಾವ ಸ್ಕೇಲಿನಿಂದ ಆರಂಭಿಸಬೇಕು?

ಬ್ಲೂಸ್ ಅಥವಾ ರಾಕ್ ಅಲ್ಪಸ್ವಲ್ಪ ಕೈಗೆ ಹತ್ತಿರುವ ಗಿಟಾರ್ ವಾದಕರು ನನ್ನನ್ನು ಪದೇ ಪದೇ ಕೇಳುವುದು ಈ ಪ್ರಶ್ನೆಯನ್ನೇ: 1950ರ ದಶಕದ ರಾಕಬಿಲಿ ಶೈಲಿಯಲ್ಲಿ ಲೀಡ್ ನುಡಿಸಬೇಕೆಂದಿದ್ದೇನೆ, ಯಾವ ಸ್ಕೇಲನ್ನು ಅಭ್ಯಾಸ ಮಾಡಲಿ? ರಾಕಬಿಲಿ ಎಂದರೆ ಬ್ಲೂಸ್ ಮತ್ತು ಕಂಟ್ರಿ ಬೆರೆತು ಹುಟ್ಟಿದ ಆರಂಭದ ರಾಕ್ ಅಂಡ್ ರೋಲ್; ಲೀಡ್ ಎಂದರೆ ಹಾಡಿನಲ್ಲಿ ಮುಂದಾಗಿ ಕೇಳಿಸುವ ಗಿಟಾರಿನ ಸ್ವರಸಾಲು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕೇಲಿನಿಂದ ಆರಂಭಿಸಬೇಡಿ, ಬಲಗೈಯ ಹೆಬ್ಬೆರಳಿನಿಂದ ಆರಂಭಿಸಿ. ಎಡಗೈ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ) ಆಕಾರವನ್ನು ಬಿಡದೆ ಹಿಡಿದಿರಲಿ, ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಲಯವನ್ನು ಕಾಯುತ್ತಿರಲಿ, ಉಳಿದ ಬೆರಳುಗಳು ಮೇಲಿನ ತಂತಿಗಳಿಂದ ಪುಟ್ಟ ಪುಟ್ಟ ಸ್ವರಗುಚ್ಛಗಳನ್ನು ಎತ್ತಲಿ. ಈ ಶೈಲಿಯಲ್ಲಿ ಲೀಡ್ ಎಂಬುದು ಪಕ್ಕವಾದ್ಯದ ಒಳಗಿನಿಂದಲೇ ತಲೆಯೆತ್ತುತ್ತದೆ. ಪಕ್ಕವಾದ್ಯವನ್ನು ಬೇರೆಯವರಿಗೆ ವಹಿಸಿ ತಾನು ಮೇಲೆ ಓಡಾಡುವ ಲೀಡ್ ಇದಲ್ಲ.

ಐದು ಸ್ವರಗಳ ಪೆಂಟಾಟೋನಿಕ್ ಸ್ಕೇಲಿನ ಐದು ಪೆಟ್ಟಿಗೆಗಳನ್ನು, ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಐದು ಬೆರಳ ವಿನ್ಯಾಸಗಳನ್ನು, ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡವರಿಗೆ ಈ ಉತ್ತರ ರುಚಿಸುವುದಿಲ್ಲ. ನಾನು ಹೀಗೆ ಹೇಳುವುದಕ್ಕೆ ಕಾರಣವಿರುವುದು ಈ ಸಂಗೀತ ಹುಟ್ಟಿದ ಕೋಣೆಯಲ್ಲಿಯೇ. 1954ರ ಜುಲೈ 5ರಂದು ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ, ಯೂನಿಯನ್ ಅವೆನ್ಯೂದಲ್ಲಿದ್ದ ಸನ್ ರೆಕಾರ್ಡ್ಸ್ ಕಂಪನಿಯ ಸ್ಯಾಮ್ ಫಿಲಿಪ್ಸ್ ಅವರ ಸಣ್ಣ ಸ್ಟುಡಿಯೋದಲ್ಲಿ ಸೇರಿದ್ದ ವಾದ್ಯಗಾರರು ಮೂವರೇ. ಹತ್ತೊಂಬತ್ತು ವರ್ಷದ ಎಲ್ವಿಸ್ ಪ್ರೀಸ್ಲಿ ಹಾಡುತ್ತ ಅಕೌಸ್ಟಿಕ್ ಗಿಟಾರನ್ನು ಬಾರಿಸುತ್ತಿದ್ದರು, ಬಿಲ್ ಬ್ಲ್ಯಾಕ್ ನಿಂತು ನುಡಿಸುವ ದೊಡ್ಡ ಬೇಸ್ ಹಿಡಿದಿದ್ದರು, ಸ್ಕಾಟಿ ಮೂರ್ ಅವರ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇತ್ತು. ಡ್ರಮ್ಸ್ ಇರಲಿಲ್ಲ, ಪಿಯಾನೋ ಇರಲಿಲ್ಲ, ಸ್ಯಾಕ್ಸೊಫೋನ್ ಇರಲಿಲ್ಲ. ಅಂದು ಮುದ್ರಿಸಿಕೊಂಡ ‘ದಟ್ಸ್ ಆಲ್ ರೈಟ್’ ಬ್ಲೂಸ್ ಗಾಯಕ ಆರ್ಥರ್ ಕ್ರೂಡಪ್ ಅವರ ಹಾಡು; ಅದೇ ರೆಕಾರ್ಡಿನ ಹಿಂಬದಿಗೆ ಬಂದದ್ದು ಬಿಲ್ ಮನ್ರೋ ಅವರ ಬ್ಲೂಗ್ರಾಸ್ ಹಾಡು, ಅದೂ ಮೂಲದ ಮೂರೆಣಿಕೆಯ ವಾಲ್ಟ್ಜ್ ನಡೆಯನ್ನು ಬಿಟ್ಟು ನಾಲ್ಕೆಣಿಕೆಗೆ ಹೊರಳಿಕೊಂಡು. ಇಷ್ಟು ಬರಿದಾದ ಮೇಳದಲ್ಲಿ ಗಿಟಾರ್ ವಾದಕ ಸ್ಕೇಲನ್ನು ಹಿಡಿದು ಒಂಟಿ ಸ್ವರಗಳಲ್ಲಿ ಓಡಿದರೆ ಕೆಳಗಿನ ನೆಲವೇ ಕುಸಿಯುತ್ತದೆ. ಆದ್ದರಿಂದ ಮೂರ್ ಅವರು ಸ್ವರವನ್ನೂ ಲಯವನ್ನೂ ಒಂದೇ ಕೈಯಲ್ಲಿ ನಿಭಾಯಿಸುವ ದಾರಿಯನ್ನು ಹಿಡಿಯಬೇಕಾಯಿತು. ಅದಕ್ಕೆ ಅವರಿಗೆ ಆಧಾರವಾಗಿದ್ದವರು ಕಂಟ್ರಿ ಗಿಟಾರ್ ವಾದಕರಾದ ಮರ್ಲ್ ಟ್ರಾವಿಸ್ ಮತ್ತು ಚೆಟ್ ಆಟ್ಕಿನ್ಸ್. ಟ್ರಾವಿಸ್ ಅವರು ಕೆಂಟಕಿಯ ಕಲ್ಲಿದ್ದಲ ಸೀಮೆಯಾದ ಮ್ಯೂಲೆನ್‌ಬರ್ಗ್ ಕೌಂಟಿಯವರು. ಅಲ್ಲಿನ ವಾದಕರಿಂದ ಕಲಿತ ಹೆಬ್ಬೆರಳಿನ ಪದ್ಧತಿಯನ್ನು ಹೊರಗಿನ ಲೋಕಕ್ಕೆ ಕೇಳಿಸಿದವರು, ಮತ್ತು ಹೆಚ್ಚಿನ ಮಟ್ಟಿಗೆ ಹೆಬ್ಬೆರಳು, ತೋರುಬೆರಳು ಎರಡರಿಂದಲೇ ನುಡಿಸುತ್ತಿದ್ದವರು.

ಈಗ ಗಿಟಾರನ್ನು ಕೈಗೆತ್ತಿಕೊಳ್ಳಿ. ತೆರೆದ ತಂತಿಗಳ ಇ ಮೇಜರ್ ಕಾರ್ಡನ್ನು ಹಿಡಿಯಿರಿ: ನಡುಬೆರಳು ಐದನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ, ಉಂಗುರಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ, ತೋರುಬೆರಳು ಮೂರನೆಯ ತಂತಿಯ ಮೊದಲನೆಯ ಫ್ರೆಟ್ಟಿನಲ್ಲಿ. ಬಲ ಅಂಗೈಯ ಹೊರ ಅಂಚನ್ನು ಬ್ರಿಜ್ಜಿನ ಮೇಲೆ, ದಪ್ಪ ತಂತಿಗಳಿಗೆ ಮಾತ್ರ ತಾಗುವಂತೆ ಊರಿ. ದಪ್ಪ ತಂತಿಗಳು ‘ದುಬ್ ದುಬ್’ ಎಂದು ಮೊಟಕಾಗಿ ಕೇಳಬೇಕು, ತೆಳು ತಂತಿಗಳು ತೆರೆದು ಮೊಳಗಬೇಕು. ಕೈಯನ್ನು ಎಳ್ಳಷ್ಟು ಮುಂದೆ ಸರಿಸಿದರೂ ಎಲ್ಲ ತಂತಿಗಳೂ ಸತ್ತಂತಾಗುತ್ತವೆ, ಹಿಂದೆ ಸರಿಸಿದರೆ ಮಂದ್ರವೆಲ್ಲ ಗುಂಯ್ಗುಡುತ್ತದೆ. ಇನ್ನು ಹೆಬ್ಬೆರಳಿನಿಂದ ಒಂದನೆಯ ಎಣಿಕೆಗೆ ಆರನೆಯ ತಂತಿ, ಎರಡನೆಯದಕ್ಕೆ ನಾಲ್ಕನೆಯ ತಂತಿ, ಮೂರನೆಯದಕ್ಕೆ ಮತ್ತೆ ಆರು, ನಾಲ್ಕನೆಯದಕ್ಕೆ ಮತ್ತೆ ನಾಲ್ಕು. ನೀವು ಯಾರೊಂದಿಗಾದರೂ ಮಾತನಾಡುತ್ತಿರುವಾಗಲೂ ಇದು ತಪ್ಪದೆ ನಡೆಯುವವರೆಗೆ ಬೇರೆ ಬೆರಳನ್ನು ಸೇರಿಸಬೇಡಿ. ಬೇಸರದ ಕೆಲಸವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ.

ಹೆಬ್ಬೆರಳು ತನ್ನ ಪಾಡಿಗೆ ತಾನು ನಡೆಯತೊಡಗಿದ ಮೇಲೆ ಅದೇ ಕಾರ್ಡಿನ ಒಳಗೇ ಎರಡು ಜಾಗಗಳನ್ನು ಗಮನಿಸಿ. ಮೊದಲನೆಯದು ಮೂರನೆಯ ತಂತಿ. ತೋರುಬೆರಳನ್ನು ಎತ್ತಿ ತೆರೆದ ತಂತಿಯನ್ನು ಮೀಟಿ, ಕೂಡಲೇ ಮೊದಲನೆಯ ಫ್ರೆಟ್ಟಿನ ಮೇಲೆ ಬೆರಳನ್ನು ಬಡಿದು ಕೂರಿಸಿ. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ ಇದು ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಒಂದೇ ಮೀಟಿನಲ್ಲಿ ಏರುವುದು. ಬ್ಲೂಸ್ ಮತ್ತು ಕಂಟ್ರಿ ಸಂಗೀತಗಳೆರಡೂ ಈ ಅರ್ಧ ಹೆಜ್ಜೆಯಲ್ಲಿ ಸೇರಿಕೊಂಡಿವೆ. ಎರಡನೆಯದು ಎರಡನೆಯ ತಂತಿ. ಬಿಡುವಾಗಿರುವ ಕಿರುಬೆರಳನ್ನು ಅದರ ಎರಡನೆಯ ಫ್ರೆಟ್ಟಿಗೂ, ಮುಂದೆ ಮೂರನೆಯ ಫ್ರೆಟ್ಟಿಗೂ ಇಟ್ಟರೆ ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ ಎಂಬ ಮೂರು ಸ್ವರಗಳು ಒಂದೇ ತಂತಿಯಲ್ಲಿ ದೊರೆಯುತ್ತವೆ. ಕಾರ್ಡನ್ನು ಬಿಡದೆ, ಹೆಬ್ಬೆರಳನ್ನು ನಿಲ್ಲಿಸದೆ, ಈ ಎರಡು ತಂತಿಗಳ ಮೇಲಿನ ಸ್ವರಗಳನ್ನು ಎಣಿಕೆಗಳ ನಡುವೆ ಹಿಂದುಮುಂದಾಗಿ ಹೂಡುತ್ತ ಹೋದರೆ, ಯಾವ ಸ್ಕೇಲನ್ನೂ ನೆನೆಯದೆ ಸನ್ ರೆಕಾರ್ಡ್ಸ್‌ನ ಧ್ವನಿ ನಿಮ್ಮ ಕೋಣೆಯಲ್ಲಿ ಕೇಳಿಸತೊಡಗುತ್ತದೆ. ಎ ಕಾರ್ಡಿಗೂ ಬಿ ಸೆವೆಂತ್ ಕಾರ್ಡಿಗೂ ಇದೇ ಬಗೆಯ ಜಾಗಗಳಿವೆ. ಅವನ್ನು ನೀವೇ ಹುಡುಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೀಗೆ ಹುಡುಕಿಕೊಂಡ ಸ್ವರಗಳು ಕೈ ಮರೆಯುವುದಿಲ್ಲ.

ನಡೆಯ ಬಗ್ಗೆ ಒಂದು ಮಾತು. ಒಂದು ಎಣಿಕೆಯನ್ನು ತಿಶ್ರ ನಡೆಯಲ್ಲಿ ‘ತ ಕಿ ಟ’ ಎಂದು ಮೂರಾಗಿ ಒಡೆದು, ‘ಕಿ’ಯನ್ನು ಮೌನವಾಗಿ ಬಿಟ್ಟು, ‘ತ’ ಮತ್ತು ‘ಟ’ಗಳನ್ನು ಮಾತ್ರ ನುಡಿಸಿದರೆ ಷಫಲ್ ಬರುತ್ತದೆ. ಮೃದಂಗದ ಸೊಲ್ಲುಗಳನ್ನು ಬಲ್ಲವರು ಇದನ್ನು ಒಂದೇ ಸಂಜೆಯಲ್ಲಿ ಹಿಡಿಯುವುದನ್ನು ಕಂಡಿದ್ದೇನೆ. ಆದರೆ ಎಲ್ಲ ಹಾಡುಗಳೂ ಹೀಗೆ ತೂಗುವುದಿಲ್ಲ. ವೇಗ ಹೆಚ್ಚಿದಂತೆ ಈ ತೂಗಾಟ ಚಪ್ಪಟೆಯಾಗುತ್ತ ನೇರ ನಡೆಗೆ ಹತ್ತಿರವಾಗುತ್ತದೆ, ಕೆಲವು ರೆಕಾರ್ಡುಗಳಲ್ಲಿ ಒಬ್ಬ ವಾದಕ ತೂಗುತ್ತಿದ್ದರೆ ಇನ್ನೊಬ್ಬ ನೇರವಾಗಿ ನಡೆಯುತ್ತಿರುತ್ತಾನೆ. ಆ ಎಳೆದಾಟವನ್ನು ಕಿವಿಯಿಂದಲೇ ಕಲಿಯಬೇಕು.

‘ರಾಕ್ ಅರೌಂಡ್ ದ ಕ್ಲಾಕ್’ ಹಾಡಿನ ಸೋಲೊದಲ್ಲಿ ಹೆಬ್ಬೆರಳ ಲಯ ಎಲ್ಲಿದೆ ಎಂದು ಆಕ್ಷೇಪಿಸುವವರೂ ಇದ್ದಾರೆ. ನಿಜ, ಅಲ್ಲಿ ಅದಿಲ್ಲ. ಬಿಲ್ ಹೇಲಿ ಅವರ ಮೇಳಕ್ಕಾಗಿ ಡ್ಯಾನಿ ಸೆಡ್ರೋನ್ ಅವರು 1954ರ ಏಪ್ರಿಲ್ 12ರಂದು ನ್ಯೂಯಾರ್ಕಿನಲ್ಲಿ ನುಡಿಸಿದ ಆ ಸೋಲೊ ಪಿಕ್ಕಿನ ಬಿರುಸಿನ ಓಟ. ಎರಡು ವರ್ಷ ಹಿಂದೆ ಅದೇ ಹೇಲಿ ಅವರ ಇನ್ನೊಂದು ಹಾಡಿಗೆ ತಾವು ನುಡಿಸಿದ್ದನ್ನೇ ಅವರು ಬಹುಮಟ್ಟಿಗೆ ಮತ್ತೆ ನುಡಿಸಿದ್ದರು. ಆದರೆ ಆ ಮೇಳದಲ್ಲಿ ಡ್ರಮ್ಸ್ ಮತ್ತು ಸ್ಯಾಕ್ಸೊಫೋನ್ ಎರಡೂ ಇದ್ದವು. ನೆಲ ಕಾಯುವವರು ಬೇರೆಯಿದ್ದುದರಿಂದ ಗಿಟಾರಿಗೆ ಓಡುವ ಸ್ವಾತಂತ್ರ್ಯವಿತ್ತು. ನನ್ನ ವಾದವನ್ನು ಈ ಸೋಲೊ ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ.

ಯಾರನ್ನು ಕೇಳಿ ಕಲಿಯಬೇಕೆಂಬುದು ಮುಂದಿನ ಪ್ರಶ್ನೆ. ಇಂದಿನ ಬಹುತೇಕ ಮಂದಿ ಬ್ರಯಾನ್ ಸೆಟ್ಜರ್ ಅವರ ಮೂಲಕ ಈ ಸಂಗೀತಕ್ಕೆ ಬರುತ್ತಾರೆ. 1979ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, ಮರುವರ್ಷ ಲಂಡನ್ನಿಗೆ ಹೋಗಿ ಹೆಸರು ಮಾಡಿದ ಸ್ಟ್ರೇ ಕ್ಯಾಟ್ಸ್ ಮೇಳದ ಈ ವಾದಕ ಅಸಾಧಾರಣ ಪ್ರತಿಭೆಯವರು. ಆದರೆ ಅವರ ಕೈಯಲ್ಲಿ ಹಿಂದಿನವರೆಲ್ಲರ ವಿದ್ಯೆಯೂ ಒಟ್ಟುಗೂಡಿರುವುದರಿಂದ, ಅವರಿಂದ ಆರಂಭಿಸುವುದು ಬುನಾದಿಯಿಲ್ಲದೆ ಮಾಳಿಗೆ ಕಟ್ಟಿದಂತೆ. ಮೂವರನ್ನು ಒಂದು ಕ್ರಮದಲ್ಲಿ ಕೇಳಿ ಎಂಬುದು ನನ್ನ ಸಲಹೆ.

ಮೊದಲು ಸ್ಕಾಟಿ ಮೂರ್, ಅದರಲ್ಲೂ 1954 ಮತ್ತು 1955ರ ಸನ್ ರೆಕಾರ್ಡಿಂಗುಗಳು. ಅವರ ಸೋಲೊಗಳಿಗಿಂತ ಮೊದಲು ಎಲ್ವಿಸ್ ಹಾಡುತ್ತಿರುವಾಗ ಹಿಂದೆ ಅವರು ಏನು ಮಾಡುತ್ತಿದ್ದಾರೆಂಬುದನ್ನು ಕೇಳಿ. ಗಾಯಕ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಒಂದು ತುಣುಕನ್ನು ಇಟ್ಟು, ಗಾಯಕ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರು ಹೆಬ್ಬೆರಳ ಲಯಕ್ಕೆ ಮರಳಿರುತ್ತಾರೆ. 1955ರ ‘ಮಿಸ್ಟರಿ ಟ್ರೇನ್’ ಈ ದೃಷ್ಟಿಯಿಂದ ಪಠ್ಯಪುಸ್ತಕವಿದ್ದಂತೆ; ನಾನು ಕೇಳಿಕೊಂಡು ಬರುವವರಿಗೆಲ್ಲ ಮೊದಲು ಕೊಡುವ ಪಾಠ ಅದೇ. ಡ್ರಮ್ಸ್ ವಾದಕ ಡಿ.ಜೆ. ಫೊಂಟಾನಾ ಅದೇ ವರ್ಷ ಮೇಳಕ್ಕೆ ಸೇರಿದ ಮೇಲೆ ಮೂರ್ ಅವರ ಕೈ ಹೇಗೆ ಬದಲಾಗುತ್ತ ಹೋಯಿತೆಂಬುದನ್ನು ನಂತರದ ರೆಕಾರ್ಡುಗಳೊಂದಿಗೆ ಹೋಲಿಸಿ ನೋಡಬಹುದು.

ಎರಡನೆಯವರು ಕಾರ್ಲ್ ಪರ್ಕಿನ್ಸ್. ಟೆನೆಸಿಯ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದ ಬಡ ಕುಟುಂಬದ ಈ ಹುಡುಗ ಗಿಟಾರ್ ಕಲಿತದ್ದು ಅದೇ ಹೊಲದಲ್ಲಿ ದುಡಿಯುತ್ತಿದ್ದ ಕರಿಯ ಜನಾಂಗದ ಹಿರಿಯರೊಬ್ಬರಿಂದ. ಹೊಸ ತಂತಿ ಕೊಳ್ಳಲು ಹಣವಿಲ್ಲದೆ ತುಂಡಾದ ತಂತಿಗಳನ್ನೇ ಗಂಟು ಹಾಕಿ ನುಡಿಸುತ್ತಿದ್ದುದರಿಂದ, ಬೆರಳನ್ನು ಜಾರಿಸಿದರೆ ಗಂಟು ಕೊಯ್ಯುತ್ತಿತ್ತೆಂದೂ, ಅದಕ್ಕೇ ತಂತಿಯನ್ನು ಎಳೆದು ಬಾಗಿಸುವುದನ್ನು ರೂಢಿಸಿಕೊಂಡೆನೆಂದೂ ಅವರು ಹೇಳಿಕೊಂಡಿದ್ದಾರೆ. 1955ರ ಡಿಸೆಂಬರಿನಲ್ಲಿ ಮುದ್ರಣಗೊಂಡ ‘ಬ್ಲೂ ಸ್ವೇಡ್ ಶೂಸ್’ ಹಾಡಿನಲ್ಲಿ ಹಾಡಿದವರೂ ಲೀಡ್ ನುಡಿಸಿದವರೂ ಅವರೇ ಆದ್ದರಿಂದ, ಒಂದೇ ಬಾಯಿಯ ಪ್ರಶ್ನೋತ್ತರದಂತೆ ಸ್ವರವೂ ಮಾತೂ ಹೆಣೆದುಕೊಂಡಿವೆ. ಅವರಿಂದ ಕಲಿಯಬೇಕಾದದ್ದು ಎರಡೆರಡು ತಂತಿಗಳನ್ನು ಒಟ್ಟಿಗೆ ಮೀಟುವ ಡಬಲ್ ಸ್ಟಾಪ್, ಮತ್ತು ತಂತಿಯನ್ನು ಅರ್ಧ ಸ್ವರಕ್ಕೂ ಕಡಿಮೆ ಬಾಗಿಸಿ ಬಿಡುವ ಆ ಚಿಕ್ಕ ಎಳೆತ. ಬೀಟಲ್ಸ್ ಮೇಳದವರು ಪರ್ಕಿನ್ಸ್ ಅವರ ಮೂರು ಹಾಡುಗಳನ್ನು ರೆಕಾರ್ಡ್ ಮಾಡಿದರು. ಆ ಮೇಳದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ 1960ರ ಸ್ಕಾಟ್ಲೆಂಡ್ ಪ್ರವಾಸದಲ್ಲಿ ತಮ್ಮ ಹೆಸರನ್ನು ಕಾರ್ಲ್ ಹ್ಯಾರಿಸನ್ ಎಂದೇ ಬದಲಿಸಿಕೊಂಡಿದ್ದರು. ಹ್ಯಾರಿಸನ್ ಅವರ ಆರಂಭದ ಸೋಲೊಗಳನ್ನು ಬಲ್ಲವರಿಗೆ ಪರ್ಕಿನ್ಸ್ ಅಷ್ಟೇನೂ ಅಪರಿಚಿತರೆನಿಸುವುದಿಲ್ಲ.

ಮೂರನೆಯವರು ಕ್ಲಿಫ್ ಗ್ಯಾಲಪ್, ಮತ್ತು ಇಲ್ಲಿ ಬಹುಮಂದಿ ಕೈಚೆಲ್ಲುತ್ತಾರೆ. ಗಾಯಕ ಜೀನ್ ವಿನ್ಸೆಂಟ್ ಅವರ ಮೇಳದೊಂದಿಗೆ 1956ರ ಮೇ ತಿಂಗಳಲ್ಲಿ ನ್ಯಾಶ್‌ವಿಲ್ಲಿನಲ್ಲಿ ‘ಬಿ-ಬಾಪ್-ಎ-ಲೂಲಾ’ ನುಡಿಸಿದ ಇವರು, ಅದೇ ವರ್ಷ ಮುಗಿಯುವುದರೊಳಗೆ ಪ್ರವಾಸದ ಬದುಕು ಸಾಕೆಂದು ಮೇಳವನ್ನು ಬಿಟ್ಟರು. ಉಳಿದದ್ದು ಮೂವತ್ತೈದು ಹಾಡುಗಳು. ಆ ಚಿಕ್ಕ ಗಂಟಿನಿಂದಲೇ ಜೆಫ್ ಬೆಕ್ ಅವರಂಥ ವಾದಕ 1993ರಲ್ಲಿ ಒಂದು ಇಡೀ ಆಲ್ಬಮ್ಮನ್ನು ಗುರುಕಾಣಿಕೆಯಾಗಿ ಹೊರತಂದರು. ಗ್ಯಾಲಪ್ ಅವರ ಬಲಗೈಯನ್ನು ಗಮನಿಸಬೇಕು: ಚಪ್ಪಟೆ ಪಿಕ್ಕನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ನಡುಬೆರಳಿಗೂ ಉಂಗುರಬೆರಳಿಗೂ ಲೋಹದ ಫಿಂಗರ್‌ಪಿಕ್ ತೊಟ್ಟು, ಸ್ವರವನ್ನು ನಡುಗಿಸುವ ಬಿಗ್ಸ್‌ಬಿ ಎಂಬ ಸನ್ನೆಗೋಲನ್ನು ಕಿರುಬೆರಳಿನಿಂದ ಆಡಿಸುತ್ತಿದ್ದರು. ಜಾಜ್‌ನಿಂದ ಬಂದ ಸಿಕ್ಸ್ತ್ ಮತ್ತು ನೈಂತ್ ಕಾರ್ಡುಗಳು, ಒಂದೊಂದೇ ಫ್ರೆಟ್ ಇಳಿಯುವ ಓಟಗಳು, ಮೂರುಮೂರಾಗಿ ಉದುರುವ ಸ್ವರಗಳು ಇವರಲ್ಲಿ ಧಾರಾಳವಾಗಿವೆ. ಸ್ಕೇಲಿನ ಅಭ್ಯಾಸ ನಿಜವಾಗಿ ಬೇಕಾಗುವುದು ಈ ಹಂತದಲ್ಲಿ. ಆಗಲೂ ಮೇಜರ್ ಮತ್ತು ಮೈನರ್ ಪೆಂಟಾಟೋನಿಕ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವ ಬದಲು, ಪ್ರತಿಯೊಂದು ಓಟವೂ ಮುಂದಿನ ಕಾರ್ಡಿನ ಯಾವ ಸ್ವರದಲ್ಲಿ ಇಳಿಯುತ್ತದೆಂಬುದನ್ನು ನೋಡಿಕೊಳ್ಳುವುದು ಲೇಸು.

ಆ ರೆಕಾರ್ಡುಗಳ ಧ್ವನಿ ಬರಲೊಲ್ಲದೆಂದು ಕೊರಗುವವರಿಗೆ ಪ್ರತಿಧ್ವನಿಯ ವಿಷಯವನ್ನು ಹೇಳಲೇಬೇಕು. ಸ್ಯಾಮ್ ಫಿಲಿಪ್ಸ್ ಅವರು ಎರಡು ಆಂಪೆಕ್ಸ್ ಟೇಪ್ ಯಂತ್ರಗಳನ್ನು ಬಳಸಿ, ಟೇಪು ರೆಕಾರ್ಡಿಂಗ್ ಹೆಡ್ಡಿನಿಂದ ಪ್ಲೇಬ್ಯಾಕ್ ಹೆಡ್ಡಿಗೆ ಸರಿಯುವಷ್ಟು ಹೊತ್ತು ತಡವಾಗಿ ಅದೇ ಧ್ವನಿಯನ್ನು ಇನ್ನೊಮ್ಮೆ ಬೆರೆಸುತ್ತಿದ್ದರು. ಇದಕ್ಕೆ ಸ್ಲ್ಯಾಪ್‌ಬ್ಯಾಕ್ ಎನ್ನುತ್ತಾರೆ. ಇಲಿನಾಯ್ ರಾಜ್ಯದ ರೇ ಬಟ್ಸ್ ಅವರು ಇದೇ ಏರ್ಪಾಡನ್ನು ಎಕೋಸಾನಿಕ್ ಎಂಬ ಆಂಪ್ಲಿಫೈಯರಿನ ಒಳಗೇ ಕೂರಿಸಿದರು, ಮೂರ್ ಅವರು 1955ರಲ್ಲಿ ಅದನ್ನು ಕೊಂಡರು. ನಿಮ್ಮ ಡಿಲೇ ಪೆಡಲ್ಲಿನಲ್ಲಿ ಸಮಯವನ್ನು 100ರಿಂದ 140 ಮಿಲಿಸೆಕೆಂಡುಗಳ ನಡುವೆ ಇಟ್ಟು, ಪುನರಾವರ್ತನೆಯನ್ನು ಒಂದೇ ಒಂದಕ್ಕೆ ಇಳಿಸಿ, ಅದರ ಗಟ್ಟಿತನವನ್ನು ಮೂಲ ಧ್ವನಿಗಿಂತ ತುಸು ಕಡಿಮೆ ಮಾಡಿದರೆ ಸಾಕು. ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಅದನ್ನು ಆರಿಸಿಡಿ. ಹೆಬ್ಬೆರಳ ಏರುಪೇರುಗಳನ್ನೆಲ್ಲ ಅದು ಮುಚ್ಚಿಹಾಕುತ್ತದೆ.

ಈ ಶೈಲಿಯೊಂದಿಗೆ ಹೆಸರು ಸೇರಿಕೊಂಡಿರುವ ಗ್ರೆಚ್ ಕಂಪನಿಯ ಗಿಟಾರೇ ಬೇಕೇ ಎಂದು ಕೇಳದವರೇ ಇಲ್ಲ. ಬೇಡ. ಮೂರ್ ಸನ್‌ನಲ್ಲಿ ಮೊದಲು ನುಡಿಸಿದ್ದು ಗಿಬ್ಸನ್ ಇಎಸ್-295, 1950ರ ದಶಕದ ಇನ್ನೊಬ್ಬ ವಾದಕ ಜೇಮ್ಸ್ ಬರ್ಟನ್ ಹೆಸರು ಮಾಡಿದ್ದು ಫೆಂಡರ್ ಟೆಲಿಕಾಸ್ಟರಿನಲ್ಲಿ. ನಿಮ್ಮಲ್ಲಿರುವ ಎಲೆಕ್ಟ್ರಿಕ್ ಗಿಟಾರಿಗೆ 11ರ ಅಳತೆಯ (ಅತಿ ತೆಳು ತಂತಿ 0.011 ಇಂಚು ದಪ್ಪವಿರುವ) ತಂತಿಗಳನ್ನು ಹಾಕಿಸಿ, ಆಂಪಿನ ಗೇನನ್ನು ಧ್ವನಿ ಒಡೆಯುವ ಅಂಚಿಗಿಂತ ಸ್ವಲ್ಪ ಹಿಂದಕ್ಕೆ ಇಡಿ. ಹೆಬ್ಬೆರಳಿಗೆ ತೊಡುವ ತಂಬ್‌ಪಿಕ್ಕಿಗೆ ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಆಗದೇ ಹೋದರೆ ಗ್ಯಾಲಪ್ ಅವರಂತೆ ಪಿಕ್ ಮತ್ತು ಬೆರಳುಗಳ ಮಿಶ್ರಣವೂ ನಡೆಯುತ್ತದೆ. ಉಳಿಸಿದ ಹಣದಲ್ಲಿ ಏನನ್ನಾದರೂ ಮಾಡಲೇಬೇಕೆಂದಿದ್ದರೆ, ಬೇಸ್ ನುಡಿಸುವವರೊಬ್ಬರನ್ನೂ ಹಾಡುವವರೊಬ್ಬರನ್ನೂ ಜೊತೆಗೆ ಸೇರಿಸಿಕೊಂಡು ವಾರಕ್ಕೊಮ್ಮೆ ಅಭ್ಯಾಸದ ಕೋಣೆಯನ್ನು ಬಾಡಿಗೆಗೆ ಹಿಡಿಯಿರಿ, ಮೊದಲ ಕೆಲವು ತಿಂಗಳು ಡ್ರಮ್ಸ್ ವಾದಕರನ್ನು ಕರೆಯಬೇಡಿ.